ಅವ್ವನ ಹಲ್ಲಿನ ಸೆಟ್ಟು

ಅಪ್ಪನ ಕಟ್ಟಿಸಿದ ಹಲ್ಲು ಸಡಿಲವಾದದ್ದು ಇಡೀ ಕಡೂರಿಗೆ ಗೊತ್ತಾಯಿತು. ಅವ್ವನದು ಸಡಿಲವಾದದ್ದು ಹೆತ್ತ ಮಕ್ಕಳಿಗೇ ಗೊತ್ತಾಗಲಿಲ್ಲ.

ಎಪ್ಪತ್ತರ ದಶಕದಲ್ಲಿ ಇಬ್ಬರೂ ತರೀಕೆರೆಯ ಒಬ್ಬರೇ ಡಾಕ್ಟರ ಹತ್ತಿರ ಹಲ್ಲು ಕಟ್ಟಿಸಿಕೊಂಡಿದ್ದರು. ಅಪ್ಪನದು ಕೊಬ್ಬರಿ ವ್ಯಾಪಾರ. ಕೆಲವು ವರ್ಷ ಕಳೆದ ಮೇಲೆ, ಮಂಡಿಯಲ್ಲಿ ಯಾರನ್ನೋ ಗದರುವಾಗ ಅವರ ಮೇಲಿನ ಸೆಟ್ಟು ಜಾರಿತು. ಮಾರನೆಯ ಬೆಳಿಗ್ಗೆಯೇ ತರೀಕೆರೆ ಬಸ್ಸು ಹತ್ತಿದರು. ಅದು ಸರಿಯಾಗುವವರೆಗೆ ನಮ್ಮ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದೇ ಕೇಳಲಿಲ್ಲ.

ಅವ್ವ ಉಣ್ಣುತ್ತಿದ್ದದ್ದು ಎಲ್ಲರದೂ ಮುಗಿದ ಮೇಲೆ, ಒಲೆಯ ಪಕ್ಕ, ಬಾಗಿಲಿಗೆ ಬೆನ್ನು ಮಾಡಿ. ನನ್ನನ್ನು ಬೀರೂರಿಗೆ ಕೊಟ್ಟಿದ್ದರು. ತವರಿಗೆ ಬಂದ ಮಗಳೆಂದು ನನಗೂ ಗಂಡಸರ ಜೊತೆಗೇ ಬಡಿಸಿಬಿಡುತ್ತಿದ್ದಳು. ಅವಳ ರವಿಕೆ ತೋಳಿನಲ್ಲಿ ಜೋಲಾಡುವುದು ಕಂಡು ಕೇಳಿದರೆ ಅಪ್ಪ, "ನಿಮ್ಮವ್ವ ಸೋಮವಾರ ಒಪ್ಪತ್ತು, ಶುಕ್ರವಾರ ಒಪ್ಪತ್ತು. ಭಕ್ತೆ ಕಣವ್ವ" ಎನ್ನುತ್ತಿದ್ದರು. ಬಂದ ನೆಂಟರ ಮುಂದೆಯೂ ಅದನ್ನೇ ಕೊಚ್ಚಿಕೊಳ್ಳುವರು. ಅವ್ವ ಮಾತು ಕಡಿಮೆ ಮಾಡಿದ್ದು ಗಾಂಭೀರ್ಯವಂತೆ, ಸೆರಗು ಬಾಯಿಗೆ ಅಡ್ಡ ಹಿಡಿಯುವುದು ಮರ್ಯಾದೆಯಂತೆ. ಹೆಂಗಸಿನ ನೋವಿಗೆ ಒಳ್ಳೆಯ ಹೆಸರಿಡುವುದರಲ್ಲಿ ನಮ್ಮ ಜನ ನಿಸ್ಸೀಮರು.

ಎಂಬತ್ತರ ದಶಕ ಶುರುವಾದ ಹೊಸತರಲ್ಲಿ ನನ್ನ ತಮ್ಮನ ಮದುವೆಯಾಯಿತು. ಹೆಣ್ಣಿನ ಕಡೆಯವರು ಅಜ್ಜಂಪುರದಲ್ಲಿ ಬೀಗರ ಊಟ ಇಟ್ಟುಕೊಂಡಿದ್ದರು. ಆ ಒಂದು ಊಟದಲ್ಲಿ ಮಾತ್ರ ಗಂಡಿನ ತಾಯಿಗೆ ಮೊದಲ ಎಲೆ. ಅವಳು ಬಾಯಿಗಿಟ್ಟ ಮೇಲೇ ಉಳಿದವರ ಊಟ. ಆ ಮನೆಯ ಹೆಂಗಸರು ಸುತ್ತ ನಿಂತು ಅವಳನ್ನು ಗೇಲಿ ಮಾಡಿ ಹಾಡುತ್ತಾರೆ. ಬೀಗಿತ್ತಿಯಾದವಳು ನಗಬೇಕು, ತಿರುಗಿ ಒಂದು ಮಾತು ಕೊಡಬೇಕು.

ನಾನು ಪಕ್ಕದ ಎಲೆಯಲ್ಲಿದ್ದೆ. ಬೀಗಿತ್ತಿ ಒಂದು ಪುಟ್ಟಿ ಹೋಳಿಗೆ ತಿಂದಳು, ಸಾಲದೆ ಪುಟ್ಟಿಯನ್ನೂ ತಿಂದಳು ಎಂದು ಅವರು ಹಾಡುತ್ತಿದ್ದರು. ಅವ್ವ ಒಂದು ಚಿಟಿಕೆ ಕೋಸಂಬರಿ ಬಾಯಿಗೆ ಹಾಕಿಕೊಂಡಳು. ಒಳಗೆ ಟಕ್ ಎಂದಿತು. ದವಡೆ ಒಂದು ಕಡೆಗೆ ವಾಲಿತು, ಕಣ್ಣಲ್ಲಿ ನೀರು ಬಂತು. ಅಷ್ಟನ್ನೂ ಅಗಿಯದೆ ನುಂಗಿದಳು. ಆಮೇಲೆ ತುಟಿ ಬಿಗಿದುಕೊಂಡು ಕೂತಳು. ನಕ್ಕರೆ ಮೇಲಿನ ಸೆಟ್ಟು ಎಲೆಯ ಮೇಲೆ ಬೀಳುತ್ತದೆಂದು ಆಗ ನನಗೆ ಹೊಳೆಯಿತು. ವಡೆ, ಚಕ್ಕುಲಿ ಇಟ್ಟಲ್ಲೇ ಇದ್ದವು. ಹಾಡು ತಾನಾಗಿ ನಿಂತಿತು.

ಹುಡುಗಿಯ ಸೋದರತ್ತೆ, "ಕಡೂರು ಬೀಗಿತ್ತಿಗೆ ನಮ್ಮನೆ ಊಟ ಹಿಡಿಸ್ಲಿಲ್ಲ ಕಣ್ರೀ. ಒಂದ್ ನಗೂನೂ ಇಲ್ಲ" ಎಂದಳು.

ಕೈ ತೊಳೆಯುವ ನೆಪದಲ್ಲಿ ಅವ್ವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಾಯಿ ತೆರೆಸಿದೆ. ಸೆಟ್ಟಿಗೆ ರಕ್ತ ಅಂಟಿತ್ತು. ಒಸಡು ಹುಣ್ಣಾಗಿ ಕೆಂಪಗಿತ್ತು.

"ಯಾವಾಗಿಂದವ್ವ?"

"ಹೋದ್ ದೀಪಾವಳಿಗಿಂತ ಮುಂಚೆಯಿಂದ."

"ಅಪ್ಪಂಗೆ ಹೇಳ್ಲಿಲ್ವಾ?"

"ಹೇಳ್ದೆ. ನೀನೇನು ಮಂಡೀಲಿ ಕೂತು ಮಾತಾಡ್ಬೇಕಾ ಅಂದ್ರು."

ವಾಪಸು ಬರುವಾಗ ರೈಲು ಶಿವನಿ ಸ್ಟೇಷನ್ ದಾಟಿತು. ಅಪ್ಪ ಅವ್ವನಿಗೆ, "ಹೊಸ ಬೀಗರ ಮುಂದೆ ನನ್ ಮಾನ ಕಳೆದ್ಬಿಟ್ಟೆ" ಎಂದರು. ಅವರು ಹೋಗಿ ಎಷ್ಟೋ ವರ್ಷವಾಯಿತು, ಆ ಮಾತನ್ನು ನಾನಿನ್ನೂ ಕ್ಷಮಿಸಿಲ್ಲ. ಅವತ್ತು ರೈಲಿನಲ್ಲೇ ಅವರಿಗೆ, ನಾಳೆಯೇ ಅವ್ವನನ್ನು ತರೀಕೆರೆಗೆ ಕರೆದುಕೊಂಡು ಹೋಗದಿದ್ದರೆ ಅಜ್ಜಂಪುರದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬರುತ್ತೇನೆ ಎಂದೆ. ಅಪ್ಪ ಒಪ್ಪಿದರು. ಅವ್ವನ ಹುಣ್ಣಿಗಲ್ಲ, ಆ ಮಾತಿಗೆ ಹೆದರಿ.

ನಾನೂ ಜೊತೆಗೆ ಹೋದೆ. ಡಾಕ್ಟರು ಬಾಯೊಳಗೆ ಬೆಳಕು ಬಿಟ್ಟು ನೋಡಿದರು. "ಯಜಮಾನ್ರೇ, ವರ್ಷ ಕಳೆದ ಹಾಗೆ ಒಸಡು ಸವೆಯುತ್ತೆ, ಸೆಟ್ಟು ಆಡೋಕೆ ಶುರುವಾಗುತ್ತೆ. ಒಂದೇ ಕಡೆ ಅಗಿಯೋದು, ಟಕಟಕ ಸದ್ದು, ಗಟ್ಟಿ ಪದಾರ್ಥ ಬಿಡೋದು. ಇವರು ಊಟ ಮಾಡೋವಾಗ ಮನೇಲಿ ಯಾರೂ ನೋಡ್ಲಿಲ್ವಾ?"

ಅಪ್ಪ ಹೆಗಲ ಮೇಲಿನ ವಲ್ಲಿ ಸರಿ ಮಾಡಿಕೊಂಡು, "ನಮ್ಮನೇಲಿ ಹೆಂಗಸ್ರು ಗಂಡಸ್ರ ಮುಂದೆ ಉಣ್ಣೋ ಪದ್ಧತಿ ಇಲ್ಲ ಡಾಕ್ಟ್ರೇ" ಎಂದರು. ಹೆಮ್ಮೆಯಿಂದಲೇ ಹೇಳಿದರು.

ಹುಣ್ಣು ಮಾಗಿದ ಮೇಲೆ ಹೊಸ ಸೆಟ್ಟು ಬಂತು. ಡಾಕ್ಟರು ಅದನ್ನು ಕೂರಿಸಿ, ಅವ್ವನ ಕೈಗೆ ಒಂದು ಬಿಸ್ಕತ್ತು ಕೊಟ್ಟು, "ಅಗೀರಿ ಅಮ್ಮಾ, ಹೇಗೆ ಕೂತಿದೆ ನೋಡೋಣ" ಎಂದರು. ಅವ್ವ ಅಪ್ಪನ ಕಡೆ ನೋಡಿದಳು. ಹೊರಗೆ ಹೋಗಿರಿ ಎಂದು ನಾನು ಅಪ್ಪನಿಗೆ ಕಣ್ಣಲ್ಲೇ ಹೇಳಿದೆ. ಅವರು ಕೂತಲ್ಲಿಂದ ಏಳಲಿಲ್ಲ.

ಅವ್ವ ಕುರ್ಚಿಯಲ್ಲೇ ಗೋಡೆಯ ಕಡೆ ತಿರುಗಿ, ಸೆರಗು ಅಡ್ಡ ಹಿಡಿದು ಬಿಸ್ಕತ್ತು ತಿಂದಳು. ಹಲ್ಲು ಸರಿಯಾಗಿ ಕೂತಿದೆಯೋ ಇಲ್ಲವೋ, ಡಾಕ್ಟರಿಗೂ ಕಾಣಲಿಲ್ಲ.