ಮೂವತ್ತನೆಯ ಕಿಲೋಮೀಟರಿನಲ್ಲಿ ಉಡಿ ತುಂಬಿದ್ದು

ಕಲಬುರಗಿಯಲ್ಲಿ ರೈಲು ಹತ್ತಿದಾಗ ಅವ್ವನ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಇನ್ನೊಂದನ್ನು ಮುಟ್ಟಲು ನನಗೂ ಅಪ್ಪಣೆ ಇರಲಿಲ್ಲ. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ, ಕುಪ್ಪಸಕ್ಕೆ ಒಂದು ಹಸಿರು ಖಣ. ಹೈದರಾಬಾದಿನಲ್ಲಿ ನನ್ನ ತಂಗಿ ಶಾಂತಾ ತನ್ನ ಕೊನೆಯ ಮ್ಯಾರಥಾನ್ ಓಡುವವಳಿದ್ದಳು. ಅವಳು ಓಟ ಮುಗಿಸುವ ಗೆರೆಯ ಮೇಲೆಯೇ ನಿಲ್ಲಿಸಿ ಉಡಿ ತುಂಬಬೇಕೆಂದು ಅವ್ವನ ಹಟ.

ತೊಂದರೆ ಏನೆಂದರೆ, ಶಾಂತಾ ಆ ಗೆರೆಯವರೆಗೆ ಹೋಗುವವಳೇ ಅಲ್ಲ. ಅವಳು ಪೇಸರ್. ಅಂದರೆ ಗೆಲ್ಲಬೇಕೆಂದು ಬಂದ ಓಟಗಾರ್ತಿಯರ ಮುಂದೆ ಓಡಿ, ಗಾಳಿಗೆ ಎದೆ ಕೊಟ್ಟು, ವೇಗ ತಪ್ಪದಂತೆ ಅವರನ್ನು ಮೂವತ್ತು ಕಿಲೋಮೀಟರಿನವರೆಗೆ ಕರೆದೊಯ್ಯುವವಳು. ಉಳಿದ ಹನ್ನೆರಡು ಕಿಲೋಮೀಟರು ಅವರ ಪಾಡು. ಮೊದಲು ಶಾಂತಾ ತನಗಾಗಿಯೇ ಓಡುತ್ತಿದ್ದಳು, ಆ ಓಟದಿಂದಲೇ ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ನೌಕರಿಯೂ ಸಿಕ್ಕಿತ್ತು. ಹಿಮ್ಮಡಿ ಕೈಕೊಟ್ಟ ಮೇಲೆ ಪೇಸರ್ ಆದಳು. ಮುಂಬೈ, ದಿಲ್ಲಿ, ಕೋಲ್ಕತ್ತ ಎಂದು ಎಲ್ಲ ಕಡೆಯಿಂದ ಕರೆ ಬರುತ್ತಿತ್ತು.

ಇದನ್ನು ಅವ್ವನಿಗೆ ತಿಳಿಸಿ ಹೇಳುವುದರಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಅವಳು ಟಿವಿಯಲ್ಲಿ ಕಂಡದ್ದು ಇಷ್ಟೇ: ಮಗಳು ಎಲ್ಲರಿಗಿಂತ ಮುಂದಿದ್ದಾಳೆ, ಸ್ವಲ್ಪ ಹೊತ್ತಿಗೆ ಮಗಳೇ ಇಲ್ಲ.

"ನಡುವ ಉಣ್ಣಾಕ ಏನೂ ಕೊಡೂದಿಲ್ಲ ಅವ್ರು," ಎಂದಳು ವಾಡಿ ದಾಟುವಾಗ. "ಅದಕ್ಕ ಸುಸ್ತಾಗಿ ಕೂಡತೈತಿ ಕೂಸು."

ಮೂವತ್ತೇಳು ವರ್ಷದ ಕೂಸು! ನಾನು ಕಿಟಕಿಯ ಕಡೆ ಮುಖ ಮಾಡಿ ನಕ್ಕೆ. ತಾಂಡೂರಿನ ಹತ್ತಿರ ಹಳಿಯ ಪಕ್ಕದಲ್ಲಿ ನೆಲಕ್ಕೆ ಹಾಸುವ ಕಲ್ಲುಗಳನ್ನು ಒಟ್ಟಿದ್ದರು. ವಿಕಾರಾಬಾದಿನ ಗುಡ್ಡಗಳಲ್ಲಿ ಶ್ರಾವಣದ ಜಿನುಗು ಮಳೆ ಶುರುವಾಯಿತು. ಮಧ್ಯಾಹ್ನ ಸಿಕಂದರಾಬಾದಿನಲ್ಲಿ ಇಳಿದೆವು. ಕುಷಾಯಿಗೂಡಕ್ಕೆ ಆಟೋದವನು ಮುನ್ನೂರು ಕೇಳಿದ. ನಾನು ನನ್ನ ಹರಕು ಹಿಂದಿಯಲ್ಲಿ ಜಗಳ ತೆಗೆಯುವಷ್ಟರಲ್ಲಿ ಅವ್ವ ಹತ್ತಿ ಕುಳಿತಾಗಿತ್ತು. "ಎಕ್ಕಂಡಿ ಅಮ್ಮಾ," ಎಂದು ಅವನು ನನಗೂ ಹತ್ತಲು ಹೇಳಿ ನಕ್ಕ. ಗೆದ್ದವನು ನಗಲೇಬೇಕಲ್ಲ.

ಶಾಂತಾಳದು ಎರಡು ಕೋಣೆಯ ಮನೆ. ಗೋಡೆಯ ಮೊಳೆಗಳಿಗೆ ಪದಕಗಳ ಜೊತೆಗೆ ಅವಳ ಗಂಡ ಬಸವರಾಜನ ಛತ್ರಿಯೂ ಜೋತು ಬಿದ್ದಿತ್ತು. ಬೀದರ್ ಕಡೆಯ ಈ ಬಸವರಾಜ ನಾಚಾರಂನ ಸಣ್ಣ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಶಾಂತಾ ಬಕೆಟ್ಟಿನ ತಣ್ಣೀರಿನಲ್ಲಿ ಹಿಮ್ಮಡಿ ಅದ್ದಿ ಕುಳಿತಿದ್ದಳು. ಎಲುಬು ಎಣಿಸುವಂತಿದ್ದ ಅವಳನ್ನು ನೋಡಿದ್ದೇ ಅವ್ವ ರೊಟ್ಟಿಯ ಗಂಟು ಬಿಚ್ಚಿದಳು.

"ಶಾಂತವ್ವಾ, ಒಮ್ಮೆರ ಕೊನೀ ತನಕ ಓಡ. ನಾ ಕಣ್ಣಾರೆ ನೋಡಬೇಕು."

"ಯವ್ವಾ, ಕೊನೀ ತನಕ ಹೋಗಬೇಕಂದ್ರ ಮೊದಲಿಂದ ಶಕ್ತಿ ಉಳಿಸ್ಕೋಬೇಕು. ನಾ ಉಳಿಸ್ಕೊಂಡ್ರ ನನ್ನ ನಂಬಿ ಬಂದ ಹುಡುಗ್ಯಾರು ಹಿಂದ ಬೀಳ್ತಾರ."

"ಬೀಳಲಿ ಬಿಡು! ಅವ್ರನ್ನೇನು ನಾ ಹಡದೇನು?"

ಶಾಂತಾ ಬಕೆಟ್ಟಿನಿಂದ ಕಾಲು ತೆಗೆದು ಒರೆಸಿಕೊಂಡಳು. ಆಮೇಲೆ ಹಿತ್ತಲಿನಲ್ಲಿ ಪಾತ್ರೆ ತೊಳೆಯುವಾಗ ನನ್ನೊಬ್ಬಳಿಗೇ ಹೇಳಿದಳು. "ಅಕ್ಕಾ, ಮೂವತ್ತು ದಾಟಿ ಮುಂದ ಹೋಗಬಾರದು ಅಂತ ಕಾಯ್ದೆ ಏನಿಲ್ಲ. ನನಗೂ ಭಾಳ ಆಸೆ ಐತಿ. ಆದ್ರ ಒಂದು ಮಾಡಿದ್ರ ಇನ್ನೊಂದು ಆಗೂದಿಲ್ಲ." ಇಷ್ಟು ವರ್ಷ ಓಡಿದವಳನ್ನು ತವರಿನ ಒಬ್ಬರಾದರೂ ಬಂದು ನೋಡಿರಲಿಲ್ಲ. ಈಗ ಬಂದವರು ಅವಳಿಂದ ಆಗದ್ದನ್ನೇ ಕೇಳುತ್ತಿದ್ದೆವು.

ಭಾನುವಾರ ಬೆಳಕು ಹರಿಯುವ ಮೊದಲೇ ಶಾಂತಾ ಹುಸೇನ್ ಸಾಗರದ ದಂಡೆಗೆ ಹೋದಳು. ಓಟ ಅಲ್ಲಿಂದ ಹೊರಟು ಊರಿನ ಆ ತುದಿಯ ಗಚ್ಚಿಬೌಲಿಯ ಕಡೆ ಮುಗಿಯುತ್ತಿತ್ತು. ಬಸವರಾಜ ಆಟೋ ತಂದಾಗ ನಾನು, "ಗೆರೀ ಕಡೆ ಬ್ಯಾಡ, ಮೂವತ್ತನೇ ಕಿಲೋಮೀಟರ್ ಇದ್ದಲ್ಲಿ ನಡೀರಿ," ಎಂದೆ.

ಅವ್ವ ಮುಖ ಊದಿಸಿದಳು. "ನಡುಹಾದ್ಯಾಗ ಉಡಿ ತುಂಬೂದು ಎಲ್ಲಿ ಕಂಡೀದಿ?"

"ಬರ್ರಿ ಅತ್ತೀ, ಅಲ್ಲಿ ಅಕೀ ಚೊಲೋತ್ನಾಗಿ ಕಾಣ್ತಾಳ," ಎಂದ ಬಸವರಾಜ. ಅವ್ವ ಹತ್ತಿದಳು. ಆದರೆ ಮಗಳು ನಿಲ್ಲಲು ಹೋದರೆ ತಾನೇ ಕೂಗಿ ಮುಂದಕ್ಕೆ ಅಟ್ಟುವುದಾಗಿ ದಾರಿಯುದ್ದಕ್ಕೂ ಹೇಳಿದಳು.

ಮೇಲ್ಸೇತುವೆ ಇಳಿಯುವಲ್ಲಿ ಮೂವತ್ತರ ಫಲಕ ಇತ್ತು. ಪಕ್ಕದಲ್ಲಿ ನೀರು ಕೊಡುವ ಮೇಜು, ಅಲ್ಲಿ ಹಳದಿ ಚೂಡಿದಾರದ ತೆಲುಗು ಹೆಂಗಸೊಬ್ಬಳು ಲೋಟ ಜೋಡಿಸುತ್ತಿದ್ದಳು. ಅವಳು ಕೊಟ್ಟ ಇಡ್ಲಿಯನ್ನು ಅವ್ವ ಹುಳಿ ಕಡಿಮೆಯಾಗಿದೆ ಎನ್ನುತ್ತಲೇ ಪೂರ್ತಿ ತಿಂದಳು.

ಅಷ್ಟರಲ್ಲಿ ಸೇತುವೆಯ ಮೇಲೆ ಶಾಂತಾ ಕಂಡಳು. ಮೈಮೇಲೆ ಪೇಸರ್‌ಗಳ ಪಟ್ಟೆ ಪಟ್ಟೆಯ ಬನಿಯನ್. ಅವಳ ಬೆನ್ನಿಗೆ ಅಂಟಿಕೊಂಡಂತೆ ಮೂವರು ಹುಡುಗಿಯರು. ಓಡುವವರನ್ನು ಕಂಡರೆ ಅಟ್ಟಿಸಿಕೊಂಡು ಹೋಗುವವರಿಗೆ ಹುರುಪು ಅನ್ನುತ್ತಾರಲ್ಲ, ಇಲ್ಲಿ ಆ ಹುರುಪು ಹುಟ್ಟಿಸುವುದೇ ನನ್ನ ತಂಗಿಯ ಕಸುಬು. ಒಬ್ಬಳು ಒಂದಿಷ್ಟು ಹಿಂದೆ ಬಿದ್ದಳು. ಶಾಂತಾ ತಿರುಗಿ ನೋಡಿ, ಬಾ ಬಾ ಎಂದು ಸೊಂಟದ ಮಟ್ಟದಲ್ಲೇ ಕೈ ಬೀಸಿದಳು. ಆ ಹುಡುಗಿ ಹಲ್ಲು ಕಚ್ಚಿ ಬಂದು ಕೂಡಿಕೊಂಡಳು.

ಕೂಗಲು ಬಾಯಿ ತೆರೆದಿದ್ದ ಅವ್ವ ಕೂಗಲಿಲ್ಲ. ನನ್ನ ಮೊಣಕೈ ಹಿಡಿದಳು. "ಜ್ವಾಳದ ಕೊಯ್ಲಿಗೆ ಹೋದಾಗ ಮುಂದಿನ ಸಾಲು ನಂದ ಇರತಿತ್ತು. ನನ್ನ ಕೈ ನೋಡಿ ಎಲ್ಲಾರ ಕುಡಗೋಲು ನಡೀತಿದ್ವು," ಎಂದಳು. "ಇದು ಅದಽ ಕೆಲಸ ಐತಲ್ಲಽ."

ಫಲಕ ದಾಟಿದ್ದೇ ಶಾಂತಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ಜಾವ್, ಜಾವ್!" ಎಂದು ಅವರಿಗೆ ಮುಂದೆ ಹೋಗಲು ಕೂಗಿ ಹೇಳಿದಳು. ಮೂವರೂ ಅವಳನ್ನು ದಾಟಿ ಹೋದರು. ಅವಳು ನಿಲ್ಲಲಿಲ್ಲ. ಅವರ ಹಿಂದೆ ಇನ್ನೂ ಒಂದಿಷ್ಟು ದೂರ ಓಡಿದಳು, ಆಸೆ ಬಿಡಬೇಕಲ್ಲ. ಆಮೇಲೆ ಕಾಲು ಕುಂಟಿತು. ನಡೆದು ವಾಪಸು ಬಂದವಳು ಅವ್ವನನ್ನು ಕಂಡು ಅತ್ತೇಬಿಟ್ಟಳು.

"ಯವ್ವಾ, ಆಗಲಿಲ್ಲ."

"ಯಾಕ ಆಗಲಿಲ್ಲ? ಎಲ್ಲಾ ಆಗೇತಿ. ಉಡಿ ಒಡ್ಡು."

ಎಲ್ಲಿ ಒಡ್ಡುವುದು? ಚಡ್ಡಿ ತೊಟ್ಟವಳಿಗೆ ಸೆರಗೆಲ್ಲಿಂದ ಬರಬೇಕು? ನಾವು ಮುಖ ಮುಖ ನೋಡುತ್ತಿರುವಾಗ ನೀರಿನ ಮೇಜಿನ ಹೆಂಗಸು ಅಕ್ಕಿಯ ಗಂಟು ನೋಡಿ, "ಒಡಿ ಬಿಯ್ಯಮಾ?" ಎಂದಳು. ಅವರಲ್ಲೂ ಮಗಳಿಗೆ ಹೀಗೇ ಅಕ್ಕಿ ತುಂಬುತ್ತಾರಂತೆ. ತನ್ನ ಹಳದಿ ದುಪಟ್ಟಾ ತೆಗೆದು ಶಾಂತಾಳ ಸೊಂಟಕ್ಕೆ ಅವಳೇ ಕಟ್ಟಿದಳು.

"ನಡುಹಾದ್ಯಾಗ ನಡೀತೈತೇನವ್ವಾ?" ಎಂದು ನಾನು ಕೆಣಕಿದೆ.

"ತವರು ಬಿಟ್ಟು ಹೊಂಟ ಮಗಳಿಗೆ ಉಡಿ ತುಂಬತಾರ," ಎಂದಳು ಅವ್ವ, ಬೊಗಸೆ ಬೊಗಸೆ ಅಕ್ಕಿ ಹಾಕುತ್ತ. "ಇಷ್ಟು ವರ್ಷ ಈ ಹಾದೀನ ಇಕೀ ತವರಾಗಿತ್ತು. ಇವತ್ತು ಬಿಟ್ಟು ಹೊಂಟಾಳ. ಇಲ್ಲಿ ಬಿಟ್ಟು ಇನ್ನೆಲ್ಲಿ ತುಂಬಲಿ?"

ಬಸವರಾಜ ಛತ್ರಿ ಹಿಡಿದು ಆಕಡೆ ತಿರುಗಿ ನಿಂತ. ಶಾಂತಾ ಏದುಸಿರು ಬಿಡುತ್ತಲೇ, ರೂಢಿಯಂತೆ ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ಅವ್ವನ ಸೆರಗಿಗೆ ಮರಳಿ ಹಾಕಿದಳು.

ಮರುದಿನ ವಾಪಸು ಬರುವ ರೈಲಿನಲ್ಲಿ ಆ ಹಿಡಿ ಅಕ್ಕಿ ಅವ್ವನ ಸೆರಗಿನ ತುದಿಯಲ್ಲೇ ಗಂಟಾಗಿತ್ತು. ಎದುರಿಗೆ ಕುಳಿತ ಚಿತ್ತಾಪುರದ ಹೆಂಗಸು ಅದೇನೆಂದು ಕೇಳಿದಳು. ಅವ್ವ ಮಗಳ ಓಟದ ಕಥೆಯನ್ನು ವಿಕಾರಾಬಾದಿನಿಂದ ತಾಂಡೂರಿನವರೆಗೆ ಹೇಳಿದಳು. ಎಲ್ಲ ಕೇಳಿದ ಆ ಹೆಂಗಸು, "ಹಂಗಾದ್ರ ನಿಮ್ಮ ಮಗಳು ಗೆದ್ದಳೇನ್ರಿ?" ಎಂದಳು.

ನಾನು ಉತ್ತರ ಕೊಡಲು ಹೋದೆ. ಅವ್ವ ನನ್ನ ತೊಡೆಯ ಮೇಲೆ ಕೈಯಿಟ್ಟು ತಡೆದಳು.

"ಗೆದ್ದಾಕಿ ನನ್ನ ಮಗಳ ಬೆನ್ನು ನೋಡ್ಕೋತ ಬಂದಾಕಿ ನೋಡ್ರಿ."