ಏಣಿಗೆ ಹಚ್ಚಿದ ಮೀನೆಣ್ಣೆ

೧೯೮೩ರಲ್ಲಿ ನಾನು ಉಡುಪಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಫಿಟ್ಟರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಸಣ್ಣದು. ಅಂಗಡಿಯಿಂದ ಹೋದ ಸಾಮಾನನ್ನು ಗಿರಾಕಿಯ ಮನೆಯಲ್ಲಿ ಜೋಡಿಸಿ ಕೊಟ್ಟು ಬರುವುದು. ನನ್ನ ಊರು ಹಿರಿಯಡ್ಕ. ಓದಿದ್ದು ಐದನೇ ಕ್ಲಾಸು. ಬೋಲ್ಟು ಬಿಗಿ ಮಾಡಲು ಅಷ್ಟು ಸಾಕಿತ್ತು.

ಆ ವರ್ಷ ಅಂಗಡಿಗೆ ಮಡಚುವ ಅಲ್ಯೂಮಿನಿಯಂ ಏಣಿ ಬಂತು. ಅಲ್ಲಿಯವರೆಗೆ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಗೋಡೆಗೆ ಒರಗಿಸುವ ಬಿದಿರಿನ ಏಣಿ. ಹೊಸದು ಬಿಡಿಬಿಡಿಯಾಗಿ ಬರುತ್ತಿತ್ತು. ಮೆಟ್ಟಿಲಿರುವ ಮುಂದಿನ ಚೌಕಟ್ಟು, ಹಿಂದಿನ ಚೌಕಟ್ಟು, ಕಾಲಿಗೆ ರಬ್ಬರ್ ಬೂಟು, ಎರಡೂ ಬದಿಗೆ ಸ್ಟೇ. ಸ್ಟೇ ಎಂದರೆ ಮಡಚುವ ಪಟ್ಟಿ. ಏಣಿಯನ್ನು ಪೂರ್ತಿ ಅಗಲಿಸಿ, ಈ ಪಟ್ಟಿ ನೆಟ್ಟಗಾಗುವವರೆಗೆ ಒತ್ತಬೇಕು. ಇಲ್ಲದಿದ್ದರೆ ಹತ್ತಿದವನ ಭಾರಕ್ಕೆ ಏಣಿ ಮಡಚಿಕೊಳ್ಳುತ್ತದೆ. ಜೋಡಣೆಗೆ ಇಪ್ಪತ್ತು ನಿಮಿಷ ಬೇಕು.

ಕಾಪುವಿನಲ್ಲಿ ಕಡಲ ಬದಿಯ ಮನೆಯೊಂದಕ್ಕೆ ಅಂಥ ಒಂದು ಏಣಿ ಹೋಯಿತು. ಮನೆಯವರು ತಿಮ್ಮಪ್ಪಣ್ಣ, ದೋಣಿಯಲ್ಲಿ ದುಡಿದು ಮೊಣಕಾಲು ಹಾಳಾಗಿ ಮನೆಯಲ್ಲಿ ಕೂತವರು. ಅವರ ಹೆಂಡತಿ ಗಿರಿಜಕ್ಕ ಬೀಡಿ ಕಟ್ಟುತ್ತಿದ್ದರು. ಬೀಡಿ ಎಲೆಯ ಕಟ್ಟುಗಳು ಅಟ್ಟದ ಮೇಲೆ. ದಿನಾ ಹತ್ತಿ ಇಳಿಯುವವರು ಗಿರಿಜಕ್ಕನೇ.

ಜೋಡಿಸಿದೆ, ಹತ್ತಿದೆ, ಮೇಲೆ ನಿಂತು ಅಲ್ಲಾಡಿಸಿ ತೋರಿಸಿದೆ. ತಿಮ್ಮಪ್ಪಣ್ಣ ಏಣಿಯನ್ನು ಮುಟ್ಟಿ ಮುಟ್ಟಿ ನೋಡಿದರು.

"ಈ ಉಪ್ಪು ಗಾಳಿಗೆ ಇದು ತಡೀತದಾ ಸಂಜೀವ?"

ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳುತ್ತಿತ್ತು. ನಾನು ಸ್ಪ್ಯಾನರನ್ನು ಚೀಲಕ್ಕೆ ಹಾಕುತ್ತಾ, "ಚೆಂದ ಮಾಡಿ ನೋಡಿಕೊಂಡ್ರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ" ಎಂದು ಹೇಳಿ ಓಡಿದೆ. ಬಸ್ಸು ಸಿಕ್ಕಿತು.

ಎರಡು ವಾರದ ಮೇಲೆ ಅಂಗಡಿಯ ಧಣಿ ಕರೆದರು. ಗಿರಿಜಕ್ಕ ಏಣಿಯಿಂದ ಬಿದ್ದು ಬಲಗೈ ಮಣಿಗಂಟು ಮುರಿದಿತ್ತು. ಮಣಿಪಾಲದಲ್ಲಿ ಪ್ಲಾಸ್ಟರ್ ಹಾಕಿದ್ದರು. ಬೀಡಿ ಕಟ್ಟುವವರಿಗೆ ಬಲಗೈ ಹೋದರೆ ಏನು ಉಳಿಯುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

"ಹೋಗಿ ನೋಡು. ನಿನ್ನ ಬೋಲ್ಟು ಸಡಿಲ ಇದ್ದದ್ದಾದ್ರೆ ನಾಳೆಯಿಂದ ಬರುವುದು ಬೇಡ" ಎಂದರು ಧಣಿ.

ಕಾಪುವಿಗೆ ಹೋದವನೇ ಯಾರ ಮುಖವನ್ನೂ ನೋಡದೆ ಏಣಿಯ ಹತ್ತಿರ ಹೋದೆ. ಬೋಲ್ಟುಗಳು ಬಿಗಿ. ಸ್ಟೇ ನೆಟ್ಟಗೆ. ರಬ್ಬರ್ ಬೂಟು ನಾಲ್ಕೂ ಇದ್ದವು. ನನ್ನ ಕೆಲಸ ಉಳಿಯಿತು ಎಂದುಕೊಂಡು ಮೆಟ್ಟಿಲು ಹಿಡಿದೆ. ಕೈ ಜಾರಿತು. ಮೂಸಿದರೆ ಮೀನೆಣ್ಣೆ.

"ಎಂತ ತಿಮ್ಮಪ್ಪಣ್ಣ ಇದು?"

"ಉಪ್ಪು ಗಾಳಿ ಅಲ್ವಾ? ಮೂರು ದಿನಕ್ಕೊಮ್ಮೆ ಹಚ್ತೇನೆ. ದೋಣಿಗೆ ಹಚ್ಚುವುದಿಲ್ವಾ? ಹಳೇ ಏಣಿಗೂ ಹಚ್ತಿದ್ದೆ."

ಬಿದಿರು ಮತ್ತು ದೋಣಿಯ ಹಲಗೆ ಎಣ್ಣೆ ಕುಡಿಯುತ್ತವೆ. ಅಲ್ಯೂಮಿನಿಯಂ ಕುಡಿಯುವುದಿಲ್ಲ, ಎಣ್ಣೆ ಮೇಲೆಯೇ ನಿಲ್ಲುತ್ತದೆ. ಅವರು ಒಂದು ಮೆಟ್ಟಿಲನ್ನೂ ಬಿಟ್ಟಿರಲಿಲ್ಲ. ರಬ್ಬರ್ ಬೂಟಿಗೂ ಹಚ್ಚಿದ್ದರು.

ನನಗೆ ಸಿಟ್ಟು ಬಂತು. "ಇದೆಂತ ದೋಣಿಯಾ, ಕಡಲಿಗೆ ಇಳಿಸ್ಲಿಕ್ಕೆ? ಇದರ ಮೇಲೆ ಮನುಷ್ಯರು ಹತ್ತುವುದು ಮಾರಾಯ್ರೆ!"

ತಿಮ್ಮಪ್ಪಣ್ಣ ತಲೆ ತಗ್ಗಿಸಿದರು. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಚಾಪೆಯಲ್ಲಿ ಕೂತಿದ್ದ ಗಿರಿಜಕ್ಕ ಮಾತ್ರ ತಗ್ಗಲಿಲ್ಲ.

"ಅವರಿಗೆ ಯಾಕೆ ಬೈತಿ? ಚೆಂದ ಮಾಡಿ ನೋಡಿಕೊಳ್ಳಿ ಅಂತ ಹೇಳಿದ್ದು ನೀನು. ಅವರಿಗೆ ಗೊತ್ತಿದ್ದ ಹಾಗೆ ನೋಡಿಕೊಂಡ್ರು. ಹೇಗೆ ನೋಡಿಕೊಳ್ಳುವುದು ಅಂತ ಹೇಳಿದ್ದೀಯಾ? ನಿನಗೆ ಬಸ್ಸು ಇತ್ತು."



ಏಣಿಯನ್ನು ಬಾವಿಕಟ್ಟೆಗೆ ಹೊತ್ತುಕೊಂಡು ಹೋದೆ. ಬೂದಿ, ಸೋಪು, ತೆಂಗಿನ ನಾರು. ತಿಮ್ಮಪ್ಪಣ್ಣ ನೀರು ಸೇದಿ ಕೊಟ್ಟರು. ಮೂರು ಸಲ ಉಜ್ಜಿ ತೊಳೆದೆ, ಒಣಬಟ್ಟೆಯಲ್ಲಿ ಒರೆಸಿದೆ. ಅಷ್ಟರಲ್ಲಿ ಎರಡು ಬಸ್ಸು ಹೋದವು. ಆಮೇಲೆ ಏಣಿಯನ್ನು ನಿಲ್ಲಿಸಿ, ಸ್ಟೇ ಹೇಗೆ ಒತ್ತುವುದು, ತೀರಾ ಮೇಲಿನ ಮೆಟ್ಟಿಲಿನಲ್ಲಿ ಯಾಕೆ ನಿಲ್ಲಬಾರದು ಎಂದು ನಿಧಾನವಾಗಿ ಹೇಳಿದೆ. ಇದಕ್ಕೆ ಒಣಬಟ್ಟೆಯೇ ಆರೈಕೆ, ಎಣ್ಣೆಯ ಕೈಯಲ್ಲಿ ಮುಟ್ಟುವುದೂ ಬೇಡ ಎಂದೂ ಹೇಳಿದೆ.

"ಈಗ ನೀನು ಬರಿಗಾಲಲ್ಲಿ ಹತ್ತು" ಎಂದರು ಗಿರಿಜಕ್ಕ. ಹತ್ತಿದೆ. "ಇನ್ನೊಮ್ಮೆ." ಇನ್ನೊಮ್ಮೆಯೂ ಹತ್ತಿದೆ.

ಧಣಿ ಕೇಳಿದಾಗ, ಬೋಲ್ಟು ಸರಿ ಇತ್ತು, ಹೇಳಬೇಕಾದದ್ದನ್ನು ನಾನು ಹೇಳಿರಲಿಲ್ಲ ಎಂದೆ. ಅವರು, "ಬೆಳ್ಮಣ್ಣಿಗೆ ಒಂದು ಏಣಿ ಹೋಗ್ಲಿಕ್ಕುಂಟು, ಹೊರಡು" ಎಂದರು. ಗಿರಿಜಕ್ಕನ ಪ್ಲಾಸ್ಟರ್ ಬಿಚ್ಚಿತು, ಆದರೆ ಬೆರಳುಗಳಿಗೆ ಮೊದಲಿನ ವೇಗ ಮರಳಲಿಲ್ಲವಂತೆ.

ಬೆಳ್ಮಣ್ಣಿನ ಮನೆಯಲ್ಲಿ ಜೋಡಿಸಿ ಮುಗಿಸಿದ ಮೇಲೆ ಅಲ್ಲಿನ ಅಜ್ಜಿಯನ್ನು ಕೇಳಿದೆ: "ಇದನ್ನು ನೀವು ಹೇಗೆ ನೋಡಿಕೊಳ್ತೀರಿ?"

ಅಜ್ಜಿ ನಕ್ಕರು. "ಹೆಣ್ಣು ಕೊಡುವವನ ಹಾಗೆ ಕೇಳ್ತಿಯಲ್ಲ ಮಾರಾಯ!"

ಕಾರ್ಕಳದ ಕಡೆ ಹೋಗಲಿ, ಉಡುಪಿಯ ಪೇಟೆಯೊಳಗೇ ಇರಲಿ, ಈಗಲೂ ಪ್ರತಿ ಮನೆಯಲ್ಲಿ ಅದನ್ನೇ ಕೇಳುತ್ತೇನೆ. ದಿನಾ ಹತ್ತುವವರು ಯಾರೋ ಅವರ ಬಾಯಿಂದಲೇ ಉತ್ತರ ಬರಬೇಕು. ಬರುವವರೆಗೆ ಸ್ಪ್ಯಾನರ್ ಚೀಲದ ಹೊರಗೇ ಇರುತ್ತದೆ.