ಹೆಸರಿಲ್ಲದ ಹತ್ತು ರೂಪಾಯಿ ಚೀಟಿಗಳು

ಭಗವಂತನು ದಯಪಾಲಿಸಿದ ಆಯುಷ್ಯದಲ್ಲಿ ಮೂವತ್ತೆರಡು ವರ್ಷಗಳನ್ನು ಬಸ್ ಕಂಡಕ್ಟರಾಗಿ ನಿಂತೇ ಕಳೆದ ಆ ಹಿರಿಯರನ್ನು ಬೀದಿಯೆಲ್ಲ 'ರೈಟ್ ತಾತ' ಎಂದೇ ಕರೆಯುತ್ತಿತ್ತು. ನಿವೃತ್ತರಾದ ಮೇಲೂ ಮಾತನ್ನು 'ರೈಟ್' ಎಂದು ಮುಗಿಸದೆ ಅವರಿಗೆ ಸಮಾಧಾನವಿರಲಿಲ್ಲ. ಅವರ ಹೆಮ್ಮೆ ಒಂದೇ: ಅಷ್ಟು ವರ್ಷಗಳಲ್ಲಿ ಡಿಪೋದ ಕೌಂಟರಿನೆದುರು ಅವರ ಚರ್ಮದ ಚೀಲದಲ್ಲಿ ಒಂದು ರೂಪಾಯಿಯೂ ಕಡಿಮೆ ಬಿದ್ದುದಿಲ್ಲ. ಈ ಸಂಗತಿಯನ್ನು ಕೇಳಿಸಿಕೊಳ್ಳದೆ ಆ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಹೋದವರಿಲ್ಲ.

ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳ ಕೈಯಲ್ಲಿ ಕಾಸು ನಿಲ್ಲದಿರುವುದನ್ನು ಕಂಡು ಬೇಸತ್ತು ಒಂದು ದಿನ ಹೇಳಿದಳು.

"ಮಾವ, ವಾರಕ್ಕೆ ತಲಾ ನಲವತ್ತು ರೂಪಾಯಿ ನಿಮ್ಮ ಕೈಗೇ ಕೊಡ್ತೀನಿ. ದುಡ್ಡಿನ ಬೆಲೆ ಏನು ಅಂತ ನೀವೇ ಇವರಿಗೆ ಕಲಿಸಿ."

"ಆಯ್ತಮ್ಮ. ರೈಟ್."

ತಾತನಿಗೆ ತಿಳಿದಿದ್ದುದು ಬಸ್ಸಿನ ಪಾಠವೊಂದೇ. ಭಾನುವಾರ ಬೆಳಿಗ್ಗೆ ಹಳೆಯ ಚೀಲವನ್ನು ಹೆಗಲಿಗೇರಿಸಿ, ಒಬ್ಬೊಬ್ಬರಿಗೆ ಮೂವತ್ತು ರೂಪಾಯಿಯನ್ನು ಎಣಿಸಿ ಕೊಡುವರು. ಉಳಿದ ಹತ್ತಕ್ಕೆ, ಹಿಂದೆ ಟಿಕೆಟ್ಟಿನ ಬೆನ್ನಿಗೆ ಬಾಕಿ ಬರೆಯುತ್ತಿದ್ದಂತೆ, ಹಳೆಯ ಕ್ಯಾಲೆಂಡರಿನ ಚೂರೊಂದರಲ್ಲಿ ಮೊತ್ತ ಬರೆದು ರುಜು ಹಾಕುವರು. ಕೇಳಿದವರಿಗೆ ಉಂಟು, ಕೇಳದವರಿಗೆ ಇಲ್ಲ. ನೆನಪಿಸುವುದು ಕಂಡಕ್ಟರನ ಕೆಲಸವಲ್ಲ.

ಒಂಬತ್ತರ ಮೊಮ್ಮಗ ಚೀಟಿಯಿಂದ ರಾಕೆಟ್ ಮಾಡಿದ. ಹದಿನಾಲ್ಕರ ಮೊಮ್ಮಗಳು ಚೀಟಿ ಪಡೆದು ಒಳಗೆ ಹೋದವಳು ಚಿಲ್ಲರೆಯ ಮಾತೆತ್ತಲಿಲ್ಲ. ಆರನೆಯ ವಾರ ತಾತನ ನಶ್ಯದ ಡಬ್ಬಿ ಬರಿದಾಯಿತು. ಚೀಲದಲ್ಲಿ ಕೇಳುವವರಿಲ್ಲದ ಹಣವಿತ್ತು. ಪ್ರಯಾಣಿಕರು ಮರೆತುಹೋದ ಚಿಲ್ಲರೆಯನ್ನೂ ಡಿಪೋಗೆ ಕಟ್ಟುತ್ತಿದ್ದ ಮನುಷ್ಯನ ಮನಸ್ಸಾಕ್ಷಿ ಮನೆಯ ಚೀಲದ ವಿಷಯದಲ್ಲಿ ಕೊಂಚ ತೂಕಡಿಸಿತು. ಹತ್ತು ರೂಪಾಯಿ ಹೊರಬಂತು. ಮುಂದಿನ ವಾರವೂ ಬಂತು, ಅದರ ಮುಂದಿನ ವಾರವೂ.

ಹನ್ನೆರಡನೆಯ ವಾರದ ಶನಿವಾರ ಮಧ್ಯಾಹ್ನ, ಸೊಸೆ ಬಟ್ಟೆ ಮಡಿಸುತ್ತ ಕುಳಿತಿದ್ದಾಗ, ಮೊಮ್ಮಗಳು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟೊಂದನ್ನು ತಂದು ತಾತನ ಮುಂದಿಟ್ಟಳು.

"ತಾತ, ಚಿಲ್ಲರೆ. ಇಪ್ಪತ್ನಾಲ್ಕು ಚೀಟಿ, ಇನ್ನೂರ ನಲವತ್ತು ರೂಪಾಯಿ."

"ನಿನ್ನದು ಹನ್ನೆರಡೇ ಅಲ್ವೇನೇ? ಮಿಕ್ಕಿದ್ದು ನಿನ್ನ ತಮ್ಮನದು."

"ಅವನ ಹೆಸರು ಎಲ್ಲಿ ಬರೆದಿದ್ದೀಯ, ತೋರಿಸು."

ತಾತ ಕನ್ನಡಕವೇರಿಸಿ ಚೀಟಿಗಳನ್ನು ಎರಡೂ ಕಡೆ ತಿರುಗಿಸಿ ನೋಡಿದರು. ಬಸ್ಸಿನಲ್ಲಿ ಯಾರ ಹೆಸರನ್ನು ಯಾರು ಬರೆದಾರು? ಟಿಕೆಟ್ ಚಾಚಿದ ಕೈಗೇ ಚಿಲ್ಲರೆ. ಪ್ರತಿ ಚೂರಿನಲ್ಲೂ ಇದ್ದುದು ಅವರದೇ ರುಜು.

"ನಾನೇ ಮಾರಿದ್ದು ತಾತ," ಎಂದ ಮೊಮ್ಮಗ. "ಒಂದಕ್ಕೆ ಎರಡು ರೂಪಾಯಿ. ಮಡಿಸಿ ಎಸೆಯೋ ಕಾಗದಕ್ಕೆ ಬೇರೆ ಯಾರು ಕೊಡ್ತಾರೆ?" ಅಷ್ಟು ಹೇಳಿ ಬೆರಳು ಮಡಿಸುತ್ತ ಹೋದವನ ಮುಖ ಮೆಲ್ಲಮೆಲ್ಲನೆ ಇಳಿಯಿತು. "ಅಕ್ಕ, ಇದು ಮೋಸ ಅಲ್ವಾ?"

"ಇನ್ನೊಂದಿದೆ, ತಗೋತೀಯಾ ಅಂತ ವಾರಾವಾರ ನನ್ನ ಹಿಂದೆ ಬಿದ್ದಿದ್ದು ಯಾರು?"

ತಾತ ಕೆಮ್ಮಿದರು. "ಕೌಂಟರ್ ಸೋಮವಾರ ತೆಗೆಯುತ್ತೆ. ರೈಟ್."

"ಕೌಂಟರ್ ನಿನ್ನ ಹೆಗಲ ಮೇಲೇ ಇದೆಯಲ್ಲ ತಾತ."

"ಕೊಟ್ಟುಬಿಡಿ ಮಾವ," ಎಂದಳು ಸೊಸೆ, ಬಟ್ಟೆಯಿಂದ ಕಣ್ಣೆತ್ತದೆ. "ನಿಮ್ಮ ಚೀಲದಲ್ಲಿ ಯಾವತ್ತಾದ್ರೂ ಕಡಿಮೆ ಬಿದ್ದಿದೆಯಾ?"

ಇನ್ನು ದಾರಿಯಿರಲಿಲ್ಲ. ಒಮ್ಮೆ ಎಣಿಸಿದರು, ನೂರ ಎಪ್ಪತ್ತು. ಚೀಲವನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ಎಣಿಸಿದರು, ಹೆಚ್ಚಲಿಲ್ಲ. ಮೂವತ್ತೆರಡು ವರ್ಷ ಕೌಂಟರಿನಲ್ಲಿ ಬೇರೆಯವರ ಬಾಯಿಂದ ಮಾತ್ರ ಕೇಳಿದ್ದ ಮಾತು ಕೊನೆಗೂ ಅವರ ಬಾಯಿಂದಲೇ ಹೊರಟಿತು.

"ಎಪ್ಪತ್ತು ಕಡಿಮೆ ಇದೆ."

"ಎಲ್ಲಿಗೆ ಹೋಯ್ತು?" ಎಂದಳು ಮೊಮ್ಮಗಳು.

"ಮೂಗಿಗೆ."

ಸೊಸೆ ಮಡಿಸುತ್ತಿದ್ದ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು. ಮೊಮ್ಮಗಳು ಮಾತ್ರ ನಗದೆ, ನೂರ ಎಪ್ಪತ್ತನ್ನು ಎಣಿಸಿಕೊಂಡು, ಕ್ಯಾಲೆಂಡರಿನ ಚೂರೊಂದನ್ನು ತಾತನತ್ತ ಸರಿಸಿದಳು.

"ಎಪ್ಪತ್ತಕ್ಕೆ ಚೀಟಿ ಬರಿ. ತಮ್ಮನಿಗೆ ಅಂತ ಬರಿ, ಪಾಪ. ಪೆನ್ಶನ್ ಬಂದ ಮೇಲೆ ಕೊಡುವೆಯಂತೆ. ಅಲ್ಲೀವರೆಗೂ ಚೀಲ ನನ್ನ ಹತ್ರ."

ತಾತ ಬರೆದರು, ಈ ಸಲ ಮೊಮ್ಮಗನ ಹೆಸರನ್ನು ಮೊದಲು, ಮೊತ್ತವನ್ನು ಆಮೇಲೆ.

ಮರುದಿನ ಬೆಳಿಗ್ಗೆ ಚೀಲ ಮೊಮ್ಮಗಳ ಹೆಗಲ ಮೇಲಿತ್ತು. ತಾತನ ನಶ್ಯಕ್ಕೆಂದು ಅಮ್ಮ ಕೊಟ್ಟಿದ್ದ ಇಪ್ಪತ್ತರಲ್ಲಿ ಹತ್ತನ್ನು ಅವರ ಕೈಗಿಟ್ಟು, ಉಳಿದುದಕ್ಕೆ ಚೀಟಿ ಬರೆಯಲು ಪೆನ್ನು ತೆಗೆದಳು. ತಾತ ಚಾಚಿದ ಕೈಯನ್ನು ಹಿಂದೆಗೆಯಲಿಲ್ಲ.

"ಚಿಲ್ಲರೆ," ಎಂದರು.

"ರೈಟ್," ಎಂದಳು ಮೊಮ್ಮಗಳು, ಹತ್ತು ರೂಪಾಯಿ ಇಡುತ್ತ.

ಮೊಮ್ಮಗನೋ, ಎಪ್ಪತ್ತರ ಚೀಟಿಯನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟು, ಅಕ್ಕ ಐವತ್ತಕ್ಕೆ ಕೇಳಿದರೂ ಮುಚ್ಚಳ ತೆಗೆಯಲಿಲ್ಲ.